ಯಾರೂ ಬಂದಿಲ್ಲ ಅಂದ ಆರು ಮನೆಗಳು

ನಮ್ಮ ಅಕ್ಕ ಇಪ್ಪತ್ತೆರಡು ವರ್ಷ ಕಂಡವರ ಮನೆ ಬಾಗಿಲು ತಟ್ಟಿ, ಪ್ರಶ್ನೆ ಕೇಳಿ ಬದುಕಿದವಳು. ಸಮೀಕ್ಷೆ ಮಾಡುವವಳು ಅಂತ ಗೌರವವಾಗಿ ಹೇಳಬಹುದು. ನಮ್ಮ ಬೀದಿಯಲ್ಲಿ ಅವಳಿಗಿದ್ದ ಹೆಸರು ಪ್ರಶ್ನೆಯಕ್ಕ. ಆಡಳಿತ, ಪ್ರಜಾಪ್ರಭುತ್ವ, ಬಡವ ಬಲ್ಲಿದರ ನಡುವಿನ ಅಂತರ, ಇಂಥವುಗಳ ಮೇಲೆ ದಪ್ಪ ದಪ್ಪ ಪುಸ್ತಕ ತರುವ ಒಂದು ಸಂಶೋಧನಾ ಸಂಸ್ಥೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು. ಇಟ್ಟುಕೊಂಡಿತ್ತು ಅನ್ನುವುದೂ ದೊಡ್ಡ ಮಾತಾಯಿತು. ತುಂಬಿದ ಫಾರಂಗೆ ಇಷ್ಟು ಅಂತ ಕೂಲಿ. ಜ್ವರ ಬಂದು ಮಲಗಿದರೆ ಅವತ್ತಿನದು ಸೊನ್ನೆ. ಅದೇ ಸಂಸ್ಥೆಯವರು ಹೋದ ವರ್ಷ ಅವಳನ್ನು ಕಳ್ಳಿ ಮಾಡಿ ಮನೆಗೆ ಕಳಿಸಿದರು. ಅದನ್ನು ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ್ದನ್ನೂ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಮಿಕ್ಕಿದ್ದನ್ನು ಹೇಳಿದರೆ ನಾನೂ ಅವರ ಸಾಲಿಗೇ ಸೇರುತ್ತೇನೆ.

ನಾನು ಅವಳ ತಂಗಿ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಎರಡು ಕೋಣೆಯ ಮನೆಯಲ್ಲಿ ಅಮ್ಮ, ಅಕ್ಕ, ಭಾವ, ನಾನು ಮತ್ತು ನನ್ನ ಮೆಷಿನ್ನು. ಭಾವನಿಗೆ ಪ್ರೆಸ್ಸಿನಲ್ಲಿ ಪುಸ್ತಕ ಕಟ್ಟುವ ಕೆಲಸ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ ಅಂತ ಅಕ್ಕ ಹಂಗಿಸುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷ ಅಕ್ಕ ಕಾಲೇಜು ಬಿಟ್ಟಳು. 'ದಿನಕ್ಕೆ ಎಂಟು ಗಂಟೆ ನಡೆಯಬಲ್ಲ ಮಹಿಳೆಯರು ಬೇಕಾಗಿದ್ದಾರೆ' ಅಂತ ಪೇಪರಿನಲ್ಲಿ ಬಂದಿತ್ತು. ನಡೆಯುವುದಕ್ಕೂ ಸಂಬಳ ಕೊಡುತ್ತಾರಾ ಅಂತ ಅಮ್ಮ ಬಾಯಿ ಬಿಟ್ಟುಕೊಂಡು ಕೇಳಿದ್ದಳು. ಅಕ್ಕ ಹೋದಳು, ಸೇರಿದಳು. ಜೊತೆಗೆ ಸೇರಿದ ಹನ್ನೊಂದು ಜನರಲ್ಲಿ ಹತ್ತು ಜನ ವರ್ಷದೊಳಗೆ ಬಿಟ್ಟರು. ಇವಳು ಬಿಡಲಿಲ್ಲ, ಯಾಕೆಂದರೆ ಇವಳಿಗೆ ಆ ಕೆಲಸ ಇಷ್ಟವಾಗಿಬಿಟ್ಟಿತು. ಜನ ಬಾಯಿ ಬಿಟ್ಟು ಮಾತಾಡುವುದನ್ನು ಕೇಳುವುದು ಅವಳಿಗೆ ಇಷ್ಟ.

ಆ ಕೆಲಸಕ್ಕೂ ಕಟ್ಟುನಿಟ್ಟು ಇದೆ. ಬೀದಿಯ ಮೂಲೆಯಿಂದ ಬಲಗೈ ಕಡೆ ಎಣಿಸಿಕೊಂಡು ಪ್ರತಿ ಐದನೇ ಮನೆಗೇ ಹೋಗಬೇಕು. ಐದನೇ ಮನೆಯಲ್ಲಿ ನಾಯಿ ಇದ್ದರೆ ಮಿಕ್ಕವರು ಮೆಲ್ಲಗೆ ಆರನೆಯದಕ್ಕೆ ಜಾರುತ್ತಿದ್ದರು. ಅಕ್ಕನಿಗೆ ನಾಯಿ ಎರಡು ಸಲ ಕಚ್ಚಿದೆ. ಬಾಗಿಲು ಹಾಕಿದ್ದರೆ ಮೂರು ಸಲ ಹೋಗುತ್ತಿದ್ದಳು. ಅವರು ನೆಲದ ಮೇಲೆ ಕೂತರೆ ಇವಳೂ ನೆಲದ ಮೇಲೆ. ಪ್ರಶ್ನೆಯನ್ನು ಅಚ್ಚಾದ ಹಾಗೇ ಓದಬೇಕು, ಉತ್ತರ ಏನೇ ಬಂದರೂ ಹುಬ್ಬು ಕೂಡ ಎತ್ತಬಾರದು. ಮನೆಯಲ್ಲಿ ನಾನು ಹತ್ತು ಮಾತು ಅಂದರೂ ಅವಳ ಹುಬ್ಬು ಏಳುತ್ತಿರಲಿಲ್ಲ, ಅದಕ್ಕೇ ನನಗೆ ಇನ್ನೂ ಉರಿಯುತ್ತಿತ್ತು. ಶುರು ಮಾಡುವ ಮುಂಚೆ ಒಂದು ವಾಕ್ಯ ಓದಬೇಕಿತ್ತು: 'ನಿಮ್ಮ ಹೆಸರನ್ನು ಎಲ್ಲಿಯೂ ಬಹಿರಂಗಪಡಿಸುವುದಿಲ್ಲ.' ಅಕ್ಕ ಅದನ್ನು ಓದಿ, ಫಾರಂ ಮಡಿಲಲ್ಲಿಟ್ಟುಕೊಂಡು, ತನ್ನದೊಂದು ಮಾತು ಸೇರಿಸುತ್ತಿದ್ದಳು. ನನ್ನ ಪ್ರಾಣ ಹೋದರೂ ಹೇಳಲ್ಲ ಅಂತ. ಅದು ಫಾರಂನಲ್ಲಿ ಇರಲಿಲ್ಲ.

ಒಂದು ಕಾರ್ಡಿನಲ್ಲಿ ಹತ್ತು ಮೆಟ್ಟಿಲಿನ ಏಣಿಯ ಚಿತ್ರ ಇತ್ತು. ಎಲ್ಲರಿಗಿಂತ ಅನುಕೂಲಸ್ಥರು ಹತ್ತನೇ ಮೆಟ್ಟಿಲಲ್ಲಿ, ತೀರಾ ಬಡವರು ಒಂದನೇ ಮೆಟ್ಟಿಲಲ್ಲಿ ಇದ್ದಾರೆ ಅಂತ ಇಟ್ಟುಕೊಳ್ಳಿ, ನೀವು ಎಲ್ಲಿದ್ದೀರಿ ಅಂತ ಕೇಳಬೇಕು. ಒಬ್ಬ ಗಾರೆ ಕೆಲಸದವನು ಆ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಳಗೆ ಏಣಿ ಹಿಡ್ಕೊಂಡು ನಿಂತಿರೋನಿಗೆ ನಂಬರ್ ಇಲ್ವಾ ಅಂದನಂತೆ. ಅಕ್ಕ ಅದನ್ನು ಹಾಗೇ ಅಂಚಿನಲ್ಲಿ ಬರೆದುಕೊಂಡು ಬಂದಿದ್ದಳು. ಆಫೀಸಿನಲ್ಲಿ ಕಂಪ್ಯೂಟರಿಗೆ ಹಾಕುವಾಗ ಅದು 'ಉತ್ತರ ಇಲ್ಲ' ಅಂತಾಯಿತು. ಇಷ್ಟು ಚೆನ್ನಾಗಿ ಉತ್ತರ ಕೊಟ್ಟವನನ್ನು ಬಾಯಿ ಇಲ್ಲದವನ ಲೆಕ್ಕಕ್ಕೆ ಸೇರಿಸಿದರು.

ಅಸಮಾನತೆ ಬಗ್ಗೆ ಸಂಶೋಧನೆ ಮಾಡುವ ಆ ಕಟ್ಟಡಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಒಳಗೆ ಪಾಯಿಖಾನೆಗೆ ಬೀಗ ಇತ್ತು. ಬೀಗದ ಕೈ ಪುಸ್ತಕ ಬರೆಯುವವರ ಹತ್ತಿರ. ದಿನವೆಲ್ಲಾ ಬಿಸಿಲಲ್ಲಿ ಅಲೆದು ಬಂದು ಫಾರಂ ಒಪ್ಪಿಸುವ ಹೆಂಗಸರು ಎದುರುಗಡೆ ಬಸ್ ನಿಲ್ದಾಣಕ್ಕೆ ಹೋಗಬೇಕು. ನೀನು ಯಾಕೆ ಕೇಳಲ್ಲ ಅಂತ ನಾನು ಅಕ್ಕನ ಮೇಲೆ ರೇಗಿದ್ದೆ. ಕೇಳಿದ್ದಳಂತೆ. ಮುಂದಿನ ಮೀಟಿಂಗಿನಲ್ಲಿ ಇಡೋಣ ಅಂದಿದ್ದರಂತೆ, ಒಂಬತ್ತು ವರ್ಷದ ಕೆಳಗೆ.

ಹೋದ ವರ್ಷದ ಸಮೀಕ್ಷೆ ದೊಡ್ಡದು. ನಗರಸಭೆಯೂ ಸಂಸ್ಥೆಯೂ ಕೈ ಜೋಡಿಸಿದ್ದವು. ಸೇವೆಗಳ ಬಗ್ಗೆ ಜನರಿಗೆ ಎಷ್ಟು ತೃಪ್ತಿ ಇದೆ, ಆಯ್ಕೆ ಮಾಡಿದವರ ಮೇಲೆ ಎಷ್ಟು ನಂಬಿಕೆ ಇದೆ ಅಂತ ತಿಳಿಯಬೇಕಿತ್ತು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವುದಕ್ಕೆ ಇನ್ನೊಬ್ಬರ ಕೈ ಬೇಕಾಗಿತ್ತು, ಅಷ್ಟೆ. ಅಕ್ಕನಿಗೆ ಬಂದಿದ್ದು ದಿಬ್ಬದ ಮೇಲಿನ ಓಣಿಗಳು, ಅರವತ್ತು ಮನೆ. ದಿಬ್ಬದ ಕೆಳಗಿನ ಬಂಗಲೆಗಳಲ್ಲಿ ಹುಲ್ಲುಹಾಸಿಗೆ ದಿನಾ ಪೈಪಿನಲ್ಲಿ ನೀರು ಬಿಡುತ್ತಾರೆ. ಮೇಲಿನವರಿಗೆ ಮೂರು ದಿನಕ್ಕೊಮ್ಮೆ ಒಂದು ಗಂಟೆ. ಆ ಒಂದು ಗಂಟೆ ಯಾವ ಓಣಿಗೆ ಯಾವಾಗ ಅಂತ ತೀರ್ಮಾನ ಮಾಡುವವನು ನೀರು ಬಿಡುವವನು. ವಾಲ್ವು ತಿರುಗಿಸುವ ಕಬ್ಬಿಣದ ಸಲಾಕೆ ಅವನ ಸೈಕಲ್ಲಿಗೆ ಕಟ್ಟಿರುತ್ತದೆ. ಅವನು ವಾರ್ಡ್ ಸದಸ್ಯನ ಮನುಷ್ಯ.

ಅರವತ್ತು ಮನೆಯವರೂ ಮಾತಾಡಿದರು. ಅಕ್ಕನಿಗೆ ಯಾವತ್ತೂ ಹಾಗೆ ಆಗಿರಲಿಲ್ಲ. ನಲ್ಲಿ ಹಾಕಿಸಲು ಯಾರಿಗೆ ಕೊಡಬೇಕು, ಓಟಿನ ದಿನ ಯಾರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ತಪ್ಪು ಕಡೆ ಒತ್ತಿದ ಓಣಿಗೆ ಎಷ್ಟು ದಿನ ವಾಲ್ವು ತಿರುಗಲಿಲ್ಲ, ಎಲ್ಲ ಹೇಳಿದರು. ಮನೆಗೆ ಬಂದವಳ ಮುಖ ಕೆಂಪಾಗಿರುತ್ತಿತ್ತು. ಅಂಚಿನಲ್ಲಿ ಜಾಗ ಸಾಲದೆ ಹಾಳೆಯ ಹಿಂದೆಯೂ ಬರೆದಿದ್ದಳು. ಏನು ಹೇಳಿದರು ಅಂತ ನನಗೆ ಹೇಳಿದಳು, ಯಾರು ಹೇಳಿದರು ಅಂತ ಹೇಳಲಿಲ್ಲ. ನಾನು ಎಷ್ಟು ಕೆದಕಿದರೂ ಹೇಳಲಿಲ್ಲ.

ಫಾರಂ ತುಂಬಿದವರು ನಿಜವಾಗಿ ಮನೆಗೆ ಹೋಗಿದ್ದರಾ, ಇಲ್ಲಾ ಮರದ ಕೆಳಗೆ ಕೂತು ಗೀಚಿದರಾ ಅಂತ ಸಂಸ್ಥೆಯವರು ಆಮೇಲೆ ಹತ್ತಕ್ಕೊಂದು ಮನೆಗೆ ಹೋಗಿ ವಿಚಾರಿಸುತ್ತಾರೆ. ಅದು ಸರಿಯಾದ ಕ್ರಮ, ಅಕ್ಕನೇ ಹೊಗಳುತ್ತಿದ್ದಳು. ಆದರೆ ಹಾಗೆ ಹೋಗುವವನು ಒಬ್ಬನೇ ಹೋಗಬೇಕು ಅನ್ನುವುದೂ ಕ್ರಮವೇ. ಈ ಸಲ ಹೋದ ಮೇಲ್ವಿಚಾರಕ ಹೊಸಬ, ಹೊಳೆಯುವ ಬೂಟಿನವನು. ಓಣಿಗಳು ತಿಳಿಯದೆ ವಾರ್ಡ್ ಆಫೀಸಿಗೆ ಹೋಗಿ, ದಾರಿ ತೋರಿಸೋಕೆ ಯಾರಾದ್ರೂ ಇದ್ದಾರಾ ಅಂತ ಕೇಳಿದ. ಅವರು ಜೊತೆಗೆ ಕಳಿಸಿದ್ದು ನೀರು ಬಿಡುವವನನ್ನು. ಪಾಪ, ಎಷ್ಟು ಸಹಾಯ ಮಾಡಿದರು ಅಂತ ಈ ಮಹಾಶಯ ವರದಿಯಲ್ಲಿ ಧನ್ಯವಾದ ಕೂಡ ಬರೆದಿದ್ದಾನೆ.

ಆರು ಮನೆಯ ಬಾಗಿಲು ತಟ್ಟಿದರು. ಬೂಟಿನವನು ಕೇಳಿದ: ನಗರಸಭೆ ಬಗ್ಗೆ ಪ್ರಶ್ನೆ ಕೇಳೋಕೆ ಒಬ್ಬರು ಹೆಂಗಸು ಬಂದಿದ್ರಾ? ಪಕ್ಕದಲ್ಲಿ ಇವನು ಸೈಕಲ್ ಹಿಡಿದು ನಿಂತಿದ್ದಾನೆ, ಸೈಕಲ್ಲಿಗೆ ಸಲಾಕೆ ಕಟ್ಟಿದೆ. ಆರಕ್ಕೆ ಆರು ಮನೆಯವರೂ ಯಾರೂ ಬಂದಿಲ್ಲ ಅಂದರು. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ.

ನಿರ್ದೇಶಕರು ಅಕ್ಕನನ್ನು ಕರೆಸಿದರು. ಬಡವರು ಅಧಿಕಾರದ ಎದುರು ಯಾಕೆ ಬಾಯಿ ಬಿಡುವುದಿಲ್ಲ ಅಂತ ಒಂದು ಪುಸ್ತಕ ಬರೆದು ಹೆಸರು ಮಾಡಿದ ಮನುಷ್ಯ ಆತ. ನಮ್ಮ ಭಾವನೇ ಆ ಪುಸ್ತಕಕ್ಕೆ ರಟ್ಟು ಹಾಕಿದ್ದು. ಅಂಥವರಿಗೆ ಇದು ಹೊಳೆಯಲಿಲ್ಲ. ಬೂಟಿನವನ ಜೊತೆ ಯಾರು ಹೋಗಿದ್ದರು ಅಂತ ಅಕ್ಕ ಹೇಳಿದಳು. ಅದು ನಿಮ್ಮ ಊಹೆ ಅಂದರಂತೆ. ಸಮಿತಿ ಕೂರುತ್ತದೆ, ನಗರಸಭೆಯ ಅಧಿಕಾರಿಯೂ ಇರುತ್ತಾರೆ, ನೀವು ಹೋಗಿದ್ದು ನಿಜ ಅಂತ ಹೇಳುವ ಮೂರು ಜನರನ್ನು ಕರೆತನ್ನಿ ಅಂದರಂತೆ. ಕರೆತರದಿದ್ದರೆ ಅರವತ್ತು ಫಾರಂ ರದ್ದು, ಅಕ್ಕನ ಕೆಲಸವೂ ರದ್ದು.

ಮನೆಗೆ ಬಂದು ಅಷ್ಟನ್ನೂ ಹೇಳಿ, ಕಾಲು ತೊಳೆದುಕೊಂಡು, ಊಟಕ್ಕೆ ಕೂತಳು. ನನಗೆ ತಲೆಯಲ್ಲಿ ಕುದಿಯುತ್ತಿತ್ತು. ಅರವತ್ತು ಜನ ಇದ್ದಾರೆ, ಮೂರು ಜನರನ್ನ ಕರ್ಕೊಂಡು ಬಾ ಅಂದೆ.

"ಹೆಸರು ಹೊರಗೆ ಬರಲ್ಲ ಅಂತ ಹೇಳಿದ್ದೀನಿ," ಅಂದಳು.

"ಅವರು ನಿನ್ನ ಹೆಸರು ಕೆಡಿಸ್ತಿದ್ದಾರಲ್ಲ, ಅದು?"

"ನನ್ನ ಹೆಸರು ತಾನೇ. ಕೆಡಲಿ ಬಿಡು."

ನಾನು ಕೂಗಾಡಿದೆ. ಇಪ್ಪತ್ತೆರಡು ವರ್ಷ ಮೊಣಕಾಲು ಸವೆಸಿದ್ದಕ್ಕೆ ಇದಾ ಸಿಕ್ಕಿದ್ದು, ನಿನಗೆ ಮಾನ ಮರ್ಯಾದೆ ಬೇಡವಾ, ನಾಳೆ ಬೀದಿಯಲ್ಲಿ ನನ್ನನ್ನು ಕಳ್ಳಿಯ ತಂಗಿ ಅಂತಾರೆ ಅಂತ ಏನೇನೋ ಅಂದೆ. ಬಡವನ ಕೋಪ ದವಡೆಗೆ ಮೂಲ ಕಣೇ, ಸುಮ್ಮನಿರು ಅಂತ ಅಮ್ಮ ಒಳಗಿನಿಂದ ಅಂದಳು. ಭಾವ ತಟ್ಟೆ ನೋಡುತ್ತಾ ಕೂತಿದ್ದರು. ಈ ಮನೆಯಲ್ಲಿ ಎಲ್ಲರೂ ಸುಮ್ಮನಿದ್ದು ಸುಮ್ಮನಿದ್ದೇ ಹೀಗಾಗಿರೋದು ಅಂತ ನಾನು ಮೆಷಿನ್ನಿನ ಮುಂದೆ ಹೋಗಿ ಕೂತೆ. ಎರಡು ಅಂಗಿಗೆ ತೋಳು ತಿರುಗುಮುರುಗು ಹೊಲಿದೆ.

ಮಾರನೇ ದಿನ ಅಕ್ಕನಿಗೆ ಹೇಳದೆ ದಿಬ್ಬ ಹತ್ತಿದೆ. ಯಾರ ಮನೆ ಅಂತ ಗೊತ್ತಿರಲಿಲ್ಲ, ಆದರೆ ಲೆಕ್ಕ ಗೊತ್ತಿತ್ತು. ಮೂಲೆಯಿಂದ ಬಲಗೈಗೆ ಎಣಿಸುತ್ತಾ ಹೋದೆ. ಮೊದಲನೇ ಐದನೇ ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರು. ಎರಡನೆಯದರಲ್ಲಿ ಗಂಡಸು ಗದರಿ ಕಳಿಸಿದ. ಮೂರನೆಯದು ಇಸ್ತ್ರಿಯಮ್ಮನ ಮನೆ. ಕೆಳಗಿನ ಬಂಗಲೆಗಳ ಬಟ್ಟೆ ತಂದು ಒಗೆದು ಇಸ್ತ್ರಿ ಮಾಡಿ ಕೊಡುವವರು, ಐವತ್ತರ ಆಸುಪಾಸು, ಗಂಡ ಇಲ್ಲ, ಮಗಳು ಇನ್ನೂ ಓದುತ್ತಿದ್ದಳು. ಬೂಟಿನವನು ಬಂದು ಕೇಳಿದ ಆರು ಮನೆಗಳಲ್ಲಿ ಅವರದೂ ಒಂದು. ನಾನು ಯಾರ ತಂಗಿ ಅಂತ ಹೇಳಿದ್ದೇ ತಡ, ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಟ್ಟು ಕಣ್ಣು ಒರೆಸಿಕೊಂಡರು. ಅವತ್ತಿನಿಂದ ನಿದ್ದೆ ಬಂದಿಲ್ಲ ಅಂದರು. ಅಂಥ ಹೆಂಗಸನ್ನು ಬಂದೇ ಇಲ್ಲ ಅಂದುಬಿಟ್ಟೆನಲ್ಲ ಅಂದರು.

ನಾನು ಅಲ್ಲಿಗೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ನೀವು ಒಂದು ಮಾತು ಹೇಳಿದರೆ ನಮ್ಮಕ್ಕನ ಅನ್ನ ಉಳಿಯುತ್ತೆ, ಓದಿದವರು, ದೊಡ್ಡ ಮನುಷ್ಯರು, ನಿಮಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತಾರೆ ಅಂತ ಹೇಳಿದೆ. ನಿಮಗೆ ಏನೂ ಆಗದ ಹಾಗೆ ಅಂತ ನಾನು ಯಾವ ಧೈರ್ಯದ ಮೇಲೆ ಹೇಳಿದೆನೋ. ಬಾಯಿಗೆ ಬಂತು, ಹೇಳಿದೆ. ಅವರು ನಂಬಿದರು, ಯಾಕೆಂದರೆ ನಾನು ಪ್ರಶ್ನೆಯಕ್ಕನ ತಂಗಿ.

ಬೇರೆ ಯಾರೂ ಒಪ್ಪಲಿಲ್ಲ, ಸಮಿತಿಯ ದಿನ ಅವರೊಬ್ಬರನ್ನೇ ಕರೆದುಕೊಂಡು ಹೋದೆ. ಸಂಸ್ಥೆಯ ಗೇಟಿನಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದರು. ಹೆಸರು, ವಿಳಾಸ, ಯಾರನ್ನು ನೋಡಬೇಕು. ಇಸ್ತ್ರಿಯಮ್ಮನಿಗೆ ಬರೆಯಲು ಬಾರದು. ಕಾವಲಿನವನು ಅವಸರ ಮಾಡಿದ. ನಾನೇ ಪೆನ್ನು ತೆಗೆದುಕೊಂಡು ದುಂಡಗೆ ಬರೆದೆ: ಹೆಸರು, ಓಣಿ, ಮನೆ ನಂಬರು.

ಒಳಗೆ ಉದ್ದ ಮೇಜು. ನಿರ್ದೇಶಕರು, ಬೂಟಿನವನು, ನಗರಸಭೆಯ ಅಧಿಕಾರಿ, ಇನ್ನಿಬ್ಬರು. ಅಕ್ಕ ಒಂದು ತುದಿಯಲ್ಲಿ ಕೂತಿದ್ದಳು. ನಾವು ಒಳಗೆ ಬಂದಿದ್ದು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಏಳದ ಹುಬ್ಬು ಅವತ್ತು ಎದ್ದಿತು. ಇಸ್ತ್ರಿಯಮ್ಮ ಸೆರಗು ಬಿಗಿ ಹಿಡಿದುಕೊಂಡು ನಿಂತೇ ಹೇಳಿದರು.

"ಈ ಅಮ್ಮ ನಮ್ಮನೆಗೆ ಬಂದಿದ್ರು. ನನ್ನ ಜೊತೆ ನೆಲದ ಮೇಲೆ ಕೂತು ಒಂದೂವರೆ ಗಂಟೆ ಕೇಳಿದ್ರು. ಆಮೇಲೆ ಬಂದ ಸಾಹೇಬ್ರಿಗೆ ಯಾರೂ ಬಂದಿಲ್ಲ ಅಂತ ನಾನೇ ಸುಳ್ಳು ಹೇಳ್ದೆ. ನೀರು ಬಿಡೋನು ಪಕ್ಕದಲ್ಲೇ ನಿಂತಿದ್ದ."

ನಗರಸಭೆಯ ಅಧಿಕಾರಿ ಪೆನ್ನಿನ ಕ್ಯಾಪು ತೆಗೆದ. ನಿಮ್ಮ ಹೆಸರೇನಮ್ಮ ಅಂತ ಕೇಳಿದ.

ಅಕ್ಕ ಎದ್ದು ನಿಂತಳು. "ಇವರು ಯಾರು ಅಂತ ನನಗೆ ಗೊತ್ತಿಲ್ಲ. ನಾನು ಇವರ ಮನೆಗೆ ಹೋಗಿಲ್ಲ. ಇವರ ಹೆಸರು ಬರ್ಕೊಬೇಡಿ," ಅಂದಳು.

ಹಾಲಿಗೆ ನೀರು ಬೆರೆಸಿದವನ ಹತ್ತಿರ ಕೂಡ ನಿಜ ಹೇಳುವ ನಮ್ಮ ಅಕ್ಕ, ಜೀವಮಾನದಲ್ಲಿ ಒಂದು ಫಾರಂ ಸುಳ್ಳು ತುಂಬದವಳು, ಅಷ್ಟು ಜನರ ಎದುರು ನಿಂತು ಸುಳ್ಳು ಹೇಳಿದಳು. ಇಸ್ತ್ರಿಯಮ್ಮ ಬೆಪ್ಪಾಗಿ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಬಾಯಿ ಮುಚ್ಚಿಹೋಯಿತು.

ನಿರ್ದೇಶಕರಿಗೆ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಗರಸಭೆಯ ಜೊತೆ ಮನಸ್ತಾಪ ಇಲ್ಲದೆ ಕೆಲಸ ಮುಗಿಯಿತು. ಮನೆಗಳಿಗೆ ಭೇಟಿ ನೀಡಿಲ್ಲವೆಂದು ಸಂದರ್ಶಕಿ ಸ್ವತಃ ಒಪ್ಪಿಕೊಂಡಿದ್ದಾರೆ ಅಂತ ಟೈಪ್ ಮಾಡಿಸಿ ಕೊಟ್ಟರು. ಒಂದು ಮನೆ ಅಂದಿದ್ದನ್ನು ಅರವತ್ತೂ ಮನೆ ಅಂತ ಮಾಡಿದರು. ಹೊರಗೆ ನಿಂತಿದ್ದಾಗ ನಿರ್ದೇಶಕರು ನನ್ನ ಹತ್ತಿರ ಬಂದು, ನಿಮ್ಮ ಅಕ್ಕ ಒಳ್ಳೆಯವರು, ಆದರೆ ದತ್ತಾಂಶದ ಗುಣಮಟ್ಟದಲ್ಲಿ ನಾವು ರಾಜಿ ಮಾಡಿಕೊಳ್ಳೋಕೆ ಆಗಲ್ಲ ಅಂತ ಮೆತ್ತಗೆ ಹೇಳಿದರು. ನಾನು ಅವರ ಪುಸ್ತಕದ ಹೆಸರು ಹೇಳಿ, ಅದನ್ನು ಒಂದು ಸಲ ನೀವೂ ಓದಿ ಸ್ವಾಮಿ ಅಂದೆ.

ಅಕ್ಕನ ಸುಳ್ಳಿನಿಂದ ಇಸ್ತ್ರಿಯಮ್ಮನಾದರೂ ಉಳಿದಿದ್ದರೆ ನಾನು ಇದನ್ನೆಲ್ಲಾ ಹೇಳುತ್ತಲೇ ಇರಲಿಲ್ಲ. ಆ ಅಧಿಕಾರಿ ಹೋಗುವಾಗ ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಬೇಕಲ್ಲ, ತನ್ನ ಹೆಸರಿನ ಕೆಳಗಿನ ಸಾಲು ನೋಡಿದ. ದುಂಡಗೆ ಬರೆದಿತ್ತು. ಒಂಬತ್ತನೇ ದಿನ ಇಸ್ತ್ರಿಯಮ್ಮನ ನಲ್ಲಿ ಅನಧಿಕೃತ ಅಂತ ಚೀಟಿ ಬಂತು. ಹತ್ತನೇ ದಿನ ಪೈಪು ಕತ್ತರಿಸಿ ಮರದ ಬೆಣೆ ಹೊಡೆದು ಹೋದರು. ಬಟ್ಟೆ ಒಗೆಯುವವರಿಗೆ ನೀರು ನಿಲ್ಲಿಸುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಬಂಗಲೆಯವರು ಬೇರೆಯವರನ್ನು ನೋಡಿಕೊಂಡರು. ನಮ್ಮ ಮನೆ ನಲ್ಲಿಯಲ್ಲಿ ಒಗೆದುಕೊಳ್ಳಿ ಅಂತ ಹೇಳುವುದಕ್ಕೆ ಹೋದೆ. ನಿಮ್ಮ ನೀರು ಬೇಡಮ್ಮ ಅಂದರು. ದಿಬ್ಬದ ಕೆಳಗಿಂದ ಕೊಡ ಹೊತ್ತು ತರುತ್ತಿದ್ದರು, ಮಗಳು ಓದು ಬಿಟ್ಟು ಜೊತೆಗೆ ಹೊರುತ್ತಿದ್ದಳು.

ವರದಿ ಬಂತು, ಬಣ್ಣದ ಮುಖಪುಟ. ಪ್ರೆಸ್ಸಿನಿಂದ ಭಾವ ಒಂದು ತಂದು ಮೇಜಿನ ಮೇಲಿಟ್ಟರು. ನೂರಕ್ಕೆ ತೊಂಬತ್ತೊಂದು ಜನ ನೀರಿನ ಬಗ್ಗೆ ತೃಪ್ತರಾಗಿದ್ದಾರಂತೆ. ದಿಬ್ಬದ ಮೇಲಿನ ಅರವತ್ತು ಮನೆಗಳ ಬದಲು ಬೇರೆ ಅರವತ್ತು ಮನೆ ಸೇರಿಸಿಕೊಂಡಿದ್ದರು. ಪುಸ್ತಕವನ್ನು ಹರಿದು ಹಾಕಬೇಕು ಅನ್ನಿಸಿತು. ಭಾವ, ಹೊಲಿಗೆ ಗಟ್ಟಿಯಾಗಿ ಹಾಕಿದ್ದೀನಿ, ಹರಿಯಲ್ಲ ಅಂದರು. ಆ ವಾರ ಅವರು ಆಡಿದ ಮಾತು ಅದೊಂದೇ.

ಅಕ್ಕ ನನ್ನ ಜೊತೆ ಮಾತು ಬಿಟ್ಟು ತಿಂಗಳಾಗಿತ್ತು. ಬಯ್ಯಲಿಲ್ಲ, ಅದೇ ಕಷ್ಟ. ಬೈದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಸಂಸ್ಥೆಯ ಚೀಲ, ಗುರುತಿನ ಚೀಟಿ, ಉಳಿದ ಖಾಲಿ ಹಾಳೆಗಳನ್ನು ಒಪ್ಪಿಸಬೇಕಾದ ಹಿಂದಿನ ದಿನ ಬೆಳಿಗ್ಗೆ ಮೆಷಿನ್ನಿನ ಪಕ್ಕ ಬಂದು ನಿಂತು, ಚಪ್ಪಲಿ ಹಾಕ್ಕೋ ಅಂದಳು. ಹಾಕಿಕೊಂಡು ಹೊರಟೆ. ದಿಬ್ಬ ಹತ್ತುವಾಗ ಅವಳ ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಕೈ ಕೊಡಲು ಹೋದೆ, ಹಿಡಿಯಲಿಲ್ಲ.

ಇಸ್ತ್ರಿಯಮ್ಮ ನಮ್ಮನ್ನು ಒಳಗೆ ಕರೆಯಲಿಲ್ಲ. ಅಕ್ಕ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತಳು. ನಾನೂ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಆಕೆಯೂ ಹೊಸ್ತಿಲ ಒಳಗೆ ಕೂತರು. ಅಕ್ಕ ಚೀಲದಿಂದ ಒಂದು ಖಾಲಿ ಫಾರಂ ತೆಗೆದಳು.

"ನಿಮ್ಮ ಫಾರಂ ಹರಿದು ಹಾಕಿದ್ರು. ಒಪ್ಪಿದ್ರೆ ಇನ್ನೊಂದು ಬರ್ಕೊತೀನಿ. ಹೆಸರು ಬರೆಯಲ್ಲ. ನಾಳೆ ಅವರ ಕಟ್ಟಿನೊಳಗೆ ಸೇರಿಸಿ ಬರ್ತೀನಿ," ಅಂದಳು. ಯಾರು ಓದುತ್ತಾರೆ ಅದನ್ನು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು.

ಇಸ್ತ್ರಿಯಮ್ಮ ಆ ಹಾಳೆ ನೋಡಿದರು. ಕೇಳಿ ಅಂದರು.

ಅಕ್ಕ ಒಂದೊಂದೇ ಪ್ರಶ್ನೆಯನ್ನು ಅಚ್ಚಾದ ಹಾಗೇ ಓದಿದಳು, ಆಕೆ ಹೇಳಿದ್ದನ್ನು ಬರೆದುಕೊಂಡಳು. ನಲವತ್ತೊಂದನೆಯದು ಬಂತು. "ಕಳೆದ ಹನ್ನೆರಡು ತಿಂಗಳಲ್ಲಿ, ಅಭಿಪ್ರಾಯ ಹೇಳಿದ್ದಕ್ಕಾಗಿ ನಿಮಗೆ ಯಾರಿಂದಲಾದರೂ ತೊಂದರೆ ಆಗಿದೆಯೇ?"

"ಆಗಿದೆ."

"ಯಾರಿಂದ? ಒಂದಕ್ಕಿಂತ ಹೆಚ್ಚು ಉತ್ತರ ಹೇಳಬಹುದು."

"ವಾರ್ಡ್ ಮೆಂಬರು. ನೀರು ಬಿಡೋನು. ಅವತ್ತು ಮೇಜಿನ ಮುಂದೆ ಕೂತಿದ್ರಲ್ಲ, ಅವರೆಲ್ಲಾ." ಬೆರಳು ಮಡಿಸಿ ಎಣಿಸುತ್ತಿದ್ದವರು ನಿಲ್ಲಿಸಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಇವರು. ನಿಮ್ಮ ತಂಗಿ. ಇವರನ್ನೂ ಹಾಕ್ಕೊಳ್ಳಿ."

ಅಕ್ಕ ತಲೆ ಎತ್ತಲಿಲ್ಲ. 'ಇತರರು' ಅನ್ನುವುದರ ಮುಂದಿನ ಗೆರೆಯ ಮೇಲೆ ಅದನ್ನೂ ಬರೆದುಕೊಂಡಳು, ನಲವತ್ತೆರಡನೇ ಪ್ರಶ್ನೆ ಓದಿದಳು.